ಅಫೀಮಿನ ಅಳತೆಗೋಲು

ಗಸಗಸೆ ಗಿಡದ ಹಸಿಗಾಯಿಯನ್ನು ಗೀರಿದಾಗ ಒಸರುವ ಹಾಲು ಒಣಗಿದರೆ ಅದೇ ಅಫೀಮು. ಹಿತಮಿತವಾಗಿದ್ದರೆ ಅದು ನೋವನ್ನು ಅಡಗಿಸುತ್ತದೆ. ಮಿತಿ ಮೀರಿದರೆ ಉಸಿರನ್ನೇ ಅಡಗಿಸುತ್ತದೆ. ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಜರ್ಮನಿಯ ಸೆರ್ಟ್ಯೂರ್ನರ್ ಎಂಬಾತನು ಅದರಿಂದ ಮಾರ್ಫೀನನ್ನು ಬೇರ್ಪಡಿಸಿದನು. ಈ ಬಗೆಯ ಮದ್ದನ್ನು ಯಾರಿಗೆ, ಯಾವ ಪ್ರಮಾಣದಲ್ಲಿ, ಎಷ್ಟು ಕಾಲ ಕೊಡಬಹುದು ಎಂಬ ಪ್ರಶ್ನೆ ಅಂದಿನಿಂದಲೂ ವೈದ್ಯರನ್ನು ಕಾಡಿದೆ. 1980ರಿಂದ ಈಚೆಗೆ ಅಮೆರಿಕವು ಇದಕ್ಕೆ ಉತ್ತರ ಹುಡುಕುತ್ತ ಎರಡು ಸಲ ದಾರಿ ತಪ್ಪಿತು. ಎರಡು ಸಲವೂ ಆದದ್ದು ಒಂದೇ: ಒಂದು ಸಣ್ಣ ಮಾತನ್ನು ಅದರ ಎಲ್ಲೆಯಾಚೆಗೆ ಎಳೆದರು.

ಅಲ್ಲಿ 1914ರ ಹ್ಯಾರಿಸನ್ ಕಾಯಿದೆ ಬಂದ ಮೇಲೆ ಶಿಕ್ಷೆಗೆ ಅಂಜಿದ ವೈದ್ಯರು ಇಂಥ ಮದ್ದು ಬರೆಯಲು ಬಹುಕಾಲ ಹಿಂಜರಿದರು. 1980ರಲ್ಲಿ ಒಂದು ಹೆಸರಾಂತ ವೈದ್ಯಕೀಯ ಪತ್ರಿಕೆಯಲ್ಲಿ ಪೋರ್ಟರ್ ಮತ್ತು ಜಿಕ್ ಎಂಬವರ ಐದು ವಾಕ್ಯಗಳ ಪತ್ರ ಅಚ್ಚಾಯಿತು. ಆಸ್ಪತ್ರೆಯಲ್ಲಿ ಈ ಬಗೆಯ ಮದ್ದು ಪಡೆದ 11,882 ರೋಗಿಗಳಲ್ಲಿ ಹೊಸದಾಗಿ ಚಟಕ್ಕೆ ಬಿದ್ದವರೆಂದು ದಾಖಲಾದವರು ನಾಲ್ವರೇ ಎಂದು ಅದರಲ್ಲಿತ್ತು. ಮನೆಯಲ್ಲಿ ವರ್ಷಗಟ್ಟಲೆ ಗುಳಿಗೆ ನುಂಗುವವರ ಮಾತು ಅದರಲ್ಲಿ ಇರಲಿಲ್ಲ. ಆದರೂ ಹಳೆಯ ಬೆನ್ನುನೋವು, ಕೀಲುನೋವಿಗೂ ಆ ಪತ್ರವನ್ನೇ ಆಧಾರವೆಂದು ತೋರಿಸತೊಡಗಿದರು. 1996ರಲ್ಲಿ ಪರ್ಡ್ಯೂ ಕಂಪನಿಯ ಆಕ್ಸಿಕಾಂಟಿನ್ ಗುಳಿಗೆ ಮಾರುಕಟ್ಟೆಗೆ ಬಂದಿತು. ಚಟದ ಅಪಾಯವನ್ನು ಕಡಿಮೆ ಮಾಡಿ ಹೇಳಿದ ಪ್ರಕರಣದಲ್ಲಿ ಕಂಪನಿಯ ಕಡೆಯವರು 2007ರಲ್ಲಿ ತಪ್ಪೊಪ್ಪಿಕೊಂಡರು. 1999ರಿಂದ 2010ರೊಳಗೆ ಇಂಥ ನೋವಿನ ಮದ್ದು ಮಿತಿಮೀರಿ ಸತ್ತವರ ಸಂಖ್ಯೆ ಸುಮಾರು ನಾಲ್ಕು ಪಟ್ಟು ಏರಿತ್ತು.

ಇದನ್ನು ತಡೆಯಲು ಅಮೆರಿಕದ ರೋಗ ನಿಯಂತ್ರಣ ಕೇಂದ್ರವು 2016ರಲ್ಲಿ ಮಾರ್ಗಸೂಚಿಯೊಂದನ್ನು ಹೊರಡಿಸಿತು. ದಿನಕ್ಕೆ 50 ಮಿಲಿಗ್ರಾಂ ಮಾರ್ಫೀನಿಗೆ ಸಮನಾದ ಪ್ರಮಾಣ ಮುಟ್ಟುವಾಗ ಎಚ್ಚರವಿರಲಿ, 90 ಮುಟ್ಟದಿರಲಿ, ಮುಟ್ಟಲೇಬೇಕಾದರೆ ತಕ್ಕ ಕಾರಣವಿರಲಿ ಎಂದಿತು. ಇದು ಸಲಹೆಯೇ ಹೊರತು ಕಟ್ಟಳೆಯಾಗಿರಲಿಲ್ಲ. ಆದರೆ ಹಲವು ರಾಜ್ಯಗಳು, ವಿಮಾ ಕಂಪನಿಗಳು, ಔಷಧಿ ಅಂಗಡಿಗಳು ಆ ಅಂಕಿಯನ್ನೇ ಕಟ್ಟಳೆ ಮಾಡಿಕೊಂಡವು. ವರ್ಷಗಳಿಂದ ಮದ್ದಿನ ಬಲದಲ್ಲಿ ನಡೆದಾಡಿಕೊಂಡಿದ್ದವರಿಗೂ ಅದು ಏಕಾಏಕಿ ನಿಂತಿತು. ಒಗ್ಗಿಹೋದ ದೇಹಕ್ಕೆ ಹೀಗೆ ಮದ್ದು ತಪ್ಪಿದರೆ ತೀವ್ರ ಸಂಕಟ. ಕೆಲವರು ಪ್ರಾಣವನ್ನೇ ಕಳೆದುಕೊಳ್ಳಲು ಹೊರಟರು. 2019ರಲ್ಲಿ ಔಷಧ ನಿಯಂತ್ರಣ ಇಲಾಖೆ ಈ ಬಗ್ಗೆ ಎಚ್ಚರಿಕೆ ಕೊಟ್ಟಿತು. ಮಾರ್ಗಸೂಚಿ ಬರೆದವರೇ, ನಮ್ಮ ಮಾತನ್ನು ಹೀಗೆ ಬಳಸಬಾರದೆಂದು ಬರೆದರು. 2022ರ ಪರಿಷ್ಕೃತ ಸೂಚಿಯಲ್ಲಿ ಅಂಥ ಗಡಿಯಂಕಿಗಳು ಸೂತ್ರವಾಗಿ ಉಳಿಯಲಿಲ್ಲ. ಆಯಾ ರೋಗಿಯೊಡನೆ ಕೂಡಿ ನಿರ್ಧರಿಸಿರಿ ಎಂಬ ಮಾತು ಮುಂದೆ ಬಂದಿತು.

ಎಚ್ಚರ ಬೇಡವೆಂದು ಇದರ ಅರ್ಥವಲ್ಲ. ಬೆನ್ನುನೋವು, ಕೀಲುನೋವಿನ 240 ರೋಗಿಗಳನ್ನು ವರ್ಷವಿಡೀ ನೋಡಿದ ಒಂದು ಪರೀಕ್ಷೆಯ ಫಲ 2018ರಲ್ಲಿ ಹೊರಬಂದಿತು. ಇಂಥ ಮದ್ದು ಸಾಮಾನ್ಯ ನೋವಿನ ಮದ್ದಿಗಿಂತ ಮೇಲೆನಿಸಲಿಲ್ಲ. ಹಾಗೆಂದು, ಈಗಾಗಲೇ ಅದಕ್ಕೆ ಒಗ್ಗಿದವನ ಕೈಯಿಂದ ಅದನ್ನು ಕಿತ್ತುಕೊಳ್ಳುವುದು ಚಿಕಿತ್ಸೆಯಾಗದು. ರೋಗಿಯನ್ನು ನೋಡದೆ ಕೊಟ್ಟದ್ದು ಮೊದಲ ತಪ್ಪು. ರೋಗಿಯನ್ನು ನೋಡದೆ ನಿಲ್ಲಿಸಿದ್ದು ಎರಡನೆಯದು.