ಅರಮನೆಯ ಕೆಂಪು ಕಾರು



ಕಳೆದ ಆಷಾಢದಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬೆಂಗಳೂರಿನಿಂದ ದೂರವಾಣಿ ಕರೆ ಮಾಡಿದ. ತರಗತಿಯಲ್ಲಿ ಹಿಂದಿನ ಬೆಂಚಿನವನು. ಈಗ ಹಳೆಯ ಕಾರುಗಳನ್ನು ದುರಸ್ತಿ ಮಾಡುವುದರಲ್ಲಿ ಪಳಗಿದ ಕೈ.

"ಸಾರ್, ಒಂದು ಎಂ.ಜಿ. ಕಾರು ಮಾರಾಟಕ್ಕೆ ಬಂದದೆ. ಎರಡೇ ಸೀಟಿನ ರೇಸ್ ಕಾರು. ಮೈಸೂರು ಅರಮನೇದಂತೆ. ಮಹಾರಾಜರು ಬಂಡೀಪುರಕ್ಕೆ ಶಿಕಾರಿಗೆ ಹೋಗುವಾಗ ನಮ್ಮ ಉಮ್ಮತ್ತೂರಿನ ಮೇಲೆ ಬರುತ್ತಿದ್ದ ಕೆಂಪು ಕಾರು ಇದೇ ಅಂತೆ. ಊರಿನ ಇತಿಹಾಸ ಬಲ್ಲವರು ನೀವು. ಒಂದು ಕಾಗದ ಬರೆದುಕೊಟ್ಟರೆ ದೊಡ್ಡ ಉಪಕಾರ ಆಯ್ತದೆ ಸಾರ್."

ಶಿಷ್ಯನು ಕೇಳಿದಾಗ ಇಲ್ಲವೆನ್ನಲು ಮನಸ್ಸು ಬರುವುದಿಲ್ಲ. ಆದರೂ, "ನೋಂದಣಿ ಪುಸ್ತಕದ ನಕಲು ಕಳಿಸಪ್ಪ, ನೋಡಿ ಹೇಳುತ್ತೇನೆ" ಎಂದೆ. ಅಲ್ಲಿಂದ ಮೂರು ತಿಂಗಳ ಕಾಲ ನಾನು, ಮೋಟಾರು ವಿದ್ಯೆಯ ಗಂಧವಿಲ್ಲದವನು, ಹಳೆಯ ಪಂದ್ಯದ ಕಾರುಗಳ ಒಡೆತನದ ಇತಿಹಾಸವನ್ನು ಕಲಿಯಬೇಕಾಯಿತು. ಕಲಿತದ್ದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ. ಕೊನೆಯಲ್ಲಿ ಒಂದು ತಪ್ಪೊಪ್ಪಿಗೆಯೂ ಇದೆ.

ಜಮೀನು ಕೊಳ್ಳುವಾಗ ಮೂಲಪತ್ರ ನೋಡದೆ ಮುಂಗಡ ಕೊಡುವವರು ನಮ್ಮಲ್ಲಿ ಯಾರೂ ಇಲ್ಲ. ಯಾರಿಂದ ಯಾರಿಗೆ ಕ್ರಯವಾಯಿತು, ಖಾತೆ ಯಾವಾಗ ಬದಲಾಯಿತು, ನಡುವೆ ಕೊಂಡಿ ತಪ್ಪಿದೆಯೇ ಎಂದು ವಿಚಾರಿಸುತ್ತೇವೆ. ಅಪರೂಪದ ಹಳೆಯ ಕಾರಿನ ವಿಷಯದಲ್ಲಿಯೂ ನಡೆಯುವುದು ಇದೇ ವಿಚಾರಣೆ. ಕಾರ್ಖಾನೆಯಿಂದ ಹೊರಬಿದ್ದ ದಿನದಿಂದ ಇಂದಿನವರೆಗೆ ಅದು ಯಾರ ಯಾರ ಕೈಯಲ್ಲಿತ್ತು, ಯಾವ ಪಂದ್ಯದಲ್ಲಿ ಓಡಿತು, ಅದರ ಯಾವ ಅಂಗ ಯಾವಾಗ ಬದಲಾಯಿತು ಎಂಬ ಸರಪಳಿ ಪೂರ್ಣವಾಗಿದ್ದರೆ ಕಾರಿನ ಬೆಲೆ ಹಲವು ಪಟ್ಟು ಏರುತ್ತದೆ. ಸುಳ್ಳು ಹುಟ್ಟುವುದಕ್ಕೂ ಇದೇ ಕಾರಣ.

ಸಾಕ್ಷ್ಯಗಳಲ್ಲಿ ಮೊದಲನೆಯದು ಚಾಸಿಸ್ ಸಂಖ್ಯೆ. ಎರಡನೆಯದು ಎಂಜಿನ್ ಸಂಖ್ಯೆ. ಇವೆರಡನ್ನೂ ಕಾರ್ಖಾನೆಯ ದಾಖಲೆಯೊಡನೆ ಹೋಲಿಸಿ ನೋಡಬೇಕು. ರೋಲ್ಸ್ ರಾಯ್ಸ್ ಕಂಪನಿಯವರು ಒಂದೊಂದು ಕಾರಿಗೂ ಒಂದೊಂದು ಚಾಸಿಸ್ ಕಾರ್ಡು ಇಟ್ಟಿದ್ದರು. ಮೊದಲ ಗಿರಾಕಿಯ ಹೆಸರು ಅದರಲ್ಲಿ ಸಿಗುತ್ತದೆ. ನನ್ನ ಶಿಷ್ಯ ಹೇಳಿದ ಕಾರು ಎಂ.ಜಿ. ಕಂಪನಿಯ ಟಿ.ಸಿ. ಮಾದರಿಯದು. ಇಂಗ್ಲೆಂಡಿನ ಅಬಿಂಗ್ಡನ್ ಕಾರ್ಖಾನೆಯಲ್ಲಿ 1945ರಿಂದ 1949ರವರೆಗೆ ಸುಮಾರು 10,000 ಇಂತಹ ಕಾರುಗಳು ತಯಾರಾದವು. ಎಂಜಿನ್ 1250 ಸಿ.ಸಿ. ಈ ಮಾದರಿಯ ಚಾಸಿಸ್ ಸಂಖ್ಯೆ ಒಂದರಿಂದ ಆರಂಭವಾಗದೆ 251ರಿಂದ ಆರಂಭವಾಗುತ್ತದೆ. ಏಕೆಂದರೆ ಆ ಕಾರ್ಖಾನೆಯ ದೂರವಾಣಿ ಸಂಖ್ಯೆ 251! ಇದನ್ನು ಓದಿ ನಾನು ಒಬ್ಬನೇ ಕುಳಿತು ನಕ್ಕೆ.

ಮೂರನೆಯ ಸಾಕ್ಷ್ಯ ಸರ್ಕಾರದ ನೋಂದಣಿ. ಹಳೆಯ ಮೈಸೂರು ರಾಜ್ಯದ ವಾಹನಗಳ ಸಂಖ್ಯೆ 'ಎಂವೈ' ಎಂಬ ಅಕ್ಷರಗಳಿಂದ ಆರಂಭವಾಗುತ್ತಿದ್ದುದನ್ನು ನನ್ನ ವಯಸ್ಸಿನವರು ಮರೆತಿಲ್ಲ. 1989ರಲ್ಲಿ 'ಕೆಎ' ಬಂತು. 1997ರಲ್ಲಿ ನಮ್ಮದು ಪ್ರತ್ಯೇಕ ಜಿಲ್ಲೆಯಾದ ಮೇಲೆ 'ಕೆಎ 10' ನಮ್ಮ ಪಾಲಿಗೆ ಬಂತು. ಕೇಂದ್ರ ಸರ್ಕಾರವು 2021ರಲ್ಲಿ ಐವತ್ತು ವರ್ಷ ಮೀರಿದ, ಮೂಲರೂಪ ಉಳಿಸಿಕೊಂಡ ವಾಹನಗಳಿಗೆಂದೇ ಬೇರೆ ನಿಯಮ ಮಾಡಿ, 'ವಿಎ' ಎಂಬ ಅಕ್ಷರಗಳುಳ್ಳ ಸಾಲನ್ನು ಗೊತ್ತುಪಡಿಸಿತು. ಮೊದಲೇ ನೋಂದಣಿಯಾಗಿದ್ದ ವಾಹನವು ತನ್ನ ಹಳೆಯ ಸಂಖ್ಯೆಯನ್ನೇ ಉಳಿಸಿಕೊಳ್ಳಬಹುದು. ಇತಿಹಾಸದ ದೃಷ್ಟಿಯಿಂದ ಇದು ಒಳ್ಳೆಯ ಏರ್ಪಾಡು. ಹಳೆಯ ಸಂಖ್ಯೆಯೂ ಒಂದು ಶಾಸನವೇ ತಾನೆ?

ನಾಲ್ಕನೆಯದು ಪಂದ್ಯಗಳ ಕಾರ್ಯಕ್ರಮ ಪತ್ರಿಕೆ ಮತ್ತು ಛಾಯಾಚಿತ್ರ. ದಕ್ಷಿಣ ಭಾರತದಲ್ಲಿ ಕಾರು ಪಂದ್ಯವೆಂದರೆ ಮದರಾಸಿನ ಬಳಿಯ ಶೋಳಾವರಂ. ಎರಡನೆಯ ಮಹಾಯುದ್ಧದ ಕಾಲದ ವಿಮಾನ ಓಡುದಾರಿ ಅದು. 1953ರಲ್ಲಿ ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ ಸ್ಥಾಪನೆಯಾದ ಮೇಲೆ ಹಲವು ದಶಕ ಅಲ್ಲಿ ಪಂದ್ಯಗಳು ನಡೆದವು. ಬೆಂಗಳೂರಿನ ಉದ್ಯಮಿ ವಿಜಯ್ ಮಲ್ಯ 1980ರ ದಶಕದ ಆರಂಭದಲ್ಲಿ ಎನ್‌ಸೈನ್ ಎಂಬ ಫಾರ್ಮುಲಾ ಒನ್ ಕಾರನ್ನು ಓಡಿಸಿದ್ದು ಅಲ್ಲಿಯೇ. ಅಂತಹ ಪಂದ್ಯದ ಪತ್ರಿಕೆಯಲ್ಲಿ ಚಾಲಕನ ಹೆಸರು, ಕಾರಿನ ಮಾದರಿ ಇದ್ದರೆ ಸರಪಳಿಗೆ ಒಂದು ಕೊಂಡಿ ಸೇರಿತೆಂದು ತಿಳಿಯಬೇಕು.

ಇಲ್ಲಿ ಒಂದು ಕಠಿಣ ಪ್ರಶ್ನೆ ಏಳುತ್ತದೆ. ಪಂದ್ಯದ ಕಾರು ಮನೆಯಲ್ಲಿ ಜೋಪಾನವಾಗಿ ನಿಲ್ಲುವ ಕಾರಲ್ಲ. ಅದು ಉರುಳುತ್ತದೆ, ಮುರಿಯುತ್ತದೆ. ಎಂಜಿನ್ ಬದಲಾಗುತ್ತದೆ, ಮೈಕಟ್ಟು ಬದಲಾಗುತ್ತದೆ. ಎಲ್ಲ ಬದಲಾದ ಮೇಲೆ ಅದನ್ನು ಅದೇ ಕಾರು ಎನ್ನಬಹುದೆ?

ಇಂಗ್ಲೆಂಡಿನ ನ್ಯಾಯಾಲಯವೊಂದು 1990ರಲ್ಲಿ ಈ ಪ್ರಶ್ನೆಯನ್ನೇ ವಿಚಾರಿಸಿತು. 'ಓಲ್ಡ್ ನಂಬರ್ ಒನ್' ಎಂದು ಪ್ರಸಿದ್ಧವಾದ ಬೆಂಟ್ಲಿ ಕಾರು 1929 ಮತ್ತು 1930ರಲ್ಲಿ ಫ್ರಾನ್ಸಿನ ಲೆ ಮಾನ್ಸ್ ಪಂದ್ಯವನ್ನು ಸತತವಾಗಿ ಗೆದ್ದಿತ್ತು. ಎರಡು ಬಾರಿಯೂ ಓಡಿಸಿದವರಲ್ಲಿ ಒಬ್ಬನು ವೂಲ್ಫ್ ಬರ್ನಾಟೊ. ಮುಂದೆ ಅದಕ್ಕೆ ಎಂಟು ಲೀಟರಿನ ಎಂಜಿನ್ ಕೂಡಿಸಿದರು. 1932ರಲ್ಲಿ ಬ್ರೂಕ್‌ಲ್ಯಾಂಡ್ಸ್ ಪಂದ್ಯದಲ್ಲಿ ಅದನ್ನು ಓಡಿಸುತ್ತಿದ್ದ ಕ್ಲೈವ್ ಡನ್‌ಫೀ ಅಪಘಾತದಲ್ಲಿ ಮೃತನಾದ. ಆಮೇಲೆ ಕಾರಿನ ರೂಪವೇ ಬದಲಾಯಿತು. ದಶಕಗಳು ಕಳೆದು, ಸುಮಾರು ಒಂದು ಕೋಟಿ ಪೌಂಡಿಗೆ ಮಾರಾಟದ ಒಪ್ಪಂದವಾದಾಗ ಕೊಳ್ಳುವವರು, "ಇದು ಆ ಕಾರಲ್ಲ" ಎಂದು ತಕರಾರು ತೆಗೆದರು. ನ್ಯಾಯಮೂರ್ತಿ ಆಟನ್ ಅವರ ತೀರ್ಪಿನ ಸಾರ ಇಷ್ಟು: ಕಾರ್ಖಾನೆಯಿಂದ ಬಂದಾಗಿನ ಭಾಗಗಳೇ ಇಲ್ಲವಾದ್ದರಿಂದ ಇದನ್ನು ಮೂಲರೂಪದ್ದು ಎನ್ನಲಾಗದು. ಆದರೆ ಈ ಕಾರು ಎಂದೂ ಕಣ್ಮರೆಯಾಗಲಿಲ್ಲ. ಒಂದೊಂದಾಗಿ ಬದಲಾಗುತ್ತ ನಿರಂತರವಾಗಿ ಬಾಳಿತು. ಆ ಹೆಸರಿಗೆ ಹಕ್ಕು ಹೇಳುವ ಬೇರೊಂದು ಕಾರೂ ಇಲ್ಲ. ಆದ್ದರಿಂದ ಆ ಹೆಸರು ಇದಕ್ಕೇ ಸಲ್ಲುತ್ತದೆ.

ಇದನ್ನು ಓದಿದಾಗ ನನಗೆ ನಮ್ಮ ಚಾಮರಾಜೇಶ್ವರಸ್ವಾಮಿಯ ರಥ ನೆನಪಾಯಿತು. ನವದಂಪತಿಗಳು ಹಣ್ಣು ಜವನ ಎಸೆಯುವ ಆಷಾಢದ ತೇರು ಅದು. ಒಂದು ತೇರಿನ ಗಾಲಿ ಸವೆದರೆ ಗಾಲಿ ಬದಲಿಸುತ್ತಾರೆ, ಅಚ್ಚು ಸೀಳಿದರೆ ಅಚ್ಚು. ಯಾರೂ ಅದನ್ನು ಬೇರೆ ತೇರು ಎನ್ನುವುದಿಲ್ಲ. ಆದರೆ 2017ರಲ್ಲಿ ನಮ್ಮ ರಥವು ಬೆಂಕಿಗೆ ಆಹುತಿಯಾಯಿತು. ಉತ್ಸವ ನಿಂತುಹೋಗಿ, 2022ರಲ್ಲಿ ಹೊಸ ರಥದೊಡನೆ ಮತ್ತೆ ನಡೆಯಿತು. ದೇವರು ಅದೇ, ಬೀದಿ ಅದೇ, ಭಕ್ತಿ ಅದೇ. ರಥ ಮಾತ್ರ ಹೊಸದು. ನಾವೂ ಅದನ್ನು ಹೊಸ ರಥವೆಂದೇ ಕರೆದೆವು. ದುರಸ್ತಿಗೂ ಮರುನಿರ್ಮಾಣಕ್ಕೂ ಇರುವ ಅಂತರ ನಮ್ಮ ಜನಕ್ಕೆ ನ್ಯಾಯಾಲಯ ಹೇಳದೆಯೇ ತಿಳಿದಿದೆ.

ಕಾರು ನಿಜವಾದದ್ದೇ ಆದರೂ ಒಡೆತನ ವಿವಾದವಾಗಬಹುದು. 1954ರ ಫೆರಾರಿ 375 ಪ್ಲಸ್ ಕಾರೊಂದನ್ನು 1958ರಲ್ಲಿ ಅಮೆರಿಕದ ಓಹಿಯೋ ರಾಜ್ಯದ ಒಬ್ಬರು ಕೊಂಡು ಮನೆಯ ಬಳಿ ಇಟ್ಟಿದ್ದರು. 1980ರ ದಶಕದಲ್ಲಿ ಅದರ ಬಹುಭಾಗ ಕಳುವಾಗಿ ಬೆಲ್ಜಿಯಂ ಸೇರಿತು. ಕೆಲವು ಬಿಡಿಭಾಗಗಳು ಓಹಿಯೋದಲ್ಲಿಯೇ ಉಳಿದವು. ಚಾಸಿಸ್ ಒಂದು ಖಂಡದಲ್ಲಿ, ಬಿಡಿಭಾಗ ಇನ್ನೊಂದು ಖಂಡದಲ್ಲಿ! ವರ್ಷಗಟ್ಟಲೆ ವ್ಯಾಜ್ಯ ನಡೆದು, 2014ರಲ್ಲಿ ಇಂಗ್ಲೆಂಡಿನಲ್ಲಿ ಹರಾಜಾಗಿ ಒಂದು ಕೋಟಿ ಪೌಂಡಿಗೂ ಹೆಚ್ಚು ಹಣ ಬಂತು. ಹರಾಜಿನ ಅನಂತರವೂ ವ್ಯಾಜ್ಯ ನಿಲ್ಲಲಿಲ್ಲ.

ಇನ್ನು ನಮ್ಮ ಮೈಸೂರಿಗೆ ಬರೋಣ. ನಾಲ್ವಡಿ ಕೃಷ್ಣರಾಜ ಒಡೆಯರ್ ಮತ್ತು ಜಯಚಾಮರಾಜ ಒಡೆಯರ್ ಅವರ ಕಾಲದಲ್ಲಿ ಅರಮನೆಯಲ್ಲಿ ಒಳ್ಳೊಳ್ಳೆಯ ಕಾರುಗಳಿದ್ದುದು ಸತ್ಯ. ಮೈಸೂರಿನವರು ಒಮ್ಮೆಗೆ ಏಳೇಳು ಕಾರು ತರಿಸುತ್ತಿದ್ದರೆಂದೂ, ರೋಲ್ಸ್ ರಾಯ್ಸ್ ಕಂಪನಿಯಲ್ಲಿ ಸಗಟು ಖರೀದಿಗೆ ಮೈಸೂರಿನ ಹೆಸರೇ ಗಾದೆಯಾಗಿತ್ತೆಂದೂ ಹೇಳುತ್ತಾರೆ. ಅಲ್ವರಿನ ಮಹಾರಾಜರು ಸಿಟ್ಟಿನಿಂದ ರೋಲ್ಸ್ ರಾಯ್ಸ್ ಕಾರುಗಳಲ್ಲಿ ಕಸ ಸಾಗಿಸಿದರೆಂಬ ಕಥೆಯಂತೂ ಎಲ್ಲರ ಬಾಯಲ್ಲಿದೆ. ಕೇಳಲು ಸೊಗಸಾದ ಕಥೆಗಳು. ಆದರೆ ಕಥೆಯನ್ನು ದಾಖಲೆಯ ಜಾಗದಲ್ಲಿ ಕೂರಿಸಬಾರದು. ಸಂಸ್ಥಾನಗಳು ಹೋಗಿ, 1971ರಲ್ಲಿ ರಾಜಧನವೂ ರದ್ದಾಗಿ, ದೇಶದ ಅನೇಕ ಅರಮನೆಗಳ ಕಾರುಗಳು ಕೈ ಬದಲಾದವು. ಅಂದಿನಿಂದ ಯಾವುದೇ ಹಳೆಯ ಕಾರಿಗೆ 'ಮಹಾರಾಜರದು' ಎಂಬ ಬಿರುದು ಅಂಟಿಸಿದರೆ ಬೆಲೆ ಏರುತ್ತದೆ.

ಬಿರುದು ಎಂದಾಗ ನಮ್ಮೂರಿನ ಪಾಳೆಯಗಾರರನ್ನು ನೆನೆಯಬೇಕು. ಉಮ್ಮತ್ತೂರಿನ ಒಡೆಯರು ತಮ್ಮನ್ನು ಪೆನುಗೊಂಡ ಚಕ್ರೇಶ್ವರರೆಂದು ಕರೆದುಕೊಂಡರು. ಪೆನುಗೊಂಡೆಯೋ ವಿಜಯನಗರದ ಮುಖ್ಯ ದುರ್ಗ. ಹದಿನಾರನೆಯ ಶತಮಾನದ ಆರಂಭದಲ್ಲಿ ಕೃಷ್ಣದೇವರಾಯನು ಗಂಗರಾಜನನ್ನು ಸೋಲಿಸಿದಾಗ ಆ ಹಮ್ಮು ಅಡಗಿತು. ಬಿರುದು ಕಲ್ಲಿನಲ್ಲಿದ್ದ ಮಾತ್ರಕ್ಕೆ ಒಡೆತನ ಸಿದ್ಧವಾಗುವುದಿಲ್ಲ. ತಾಮ್ರಪಟಗಳೂ ಹಾಗೆಯೇ. ನಮ್ಮ ಚಾಮರಾಜನಗರ, ಗುಂಡ್ಲುಪೇಟೆಯ ಶಾಸನಗಳನ್ನು 1898ರಲ್ಲಿ ಎಪಿಗ್ರಾಫಿಯ ಕರ್ನಾಟಿಕದ ನಾಲ್ಕನೆಯ ಸಂಪುಟದಲ್ಲಿ ಪ್ರಕಟಿಸಿದ ಬಿ. ಎಲ್. ರೈಸ್ ಅವರು ಗಂಗರ ಹಲವು ತಾಮ್ರಪಟಗಳನ್ನು ನಂಬಿದರು, ಜೆ. ಎಫ್. ಫ್ಲೀಟ್ ಅವರು ಅವುಗಳಲ್ಲಿ ಅನೇಕವು ಕೂಟಶಾಸನಗಳೆಂದು ವಾದಿಸಿದರು. ಭೂಮಿಯ ಹಕ್ಕಿಗಾಗಿ ಹಿಂದೆ ತಾಮ್ರದ ಹಾಳೆಯ ಮೇಲೆ ನಡೆದ ಕೈಚಳಕವೇ ಇಂದು ಕಾರಿನ ಹಿತ್ತಾಳೆ ಫಲಕದ ಮೇಲೆ ನಡೆಯುತ್ತದೆ.

ಈಗ ಶಿಷ್ಯನ ಕಾರಿನ ವಿಷಯ. ಅವನು ಕಳಿಸಿದ ಚಿತ್ರಗಳಲ್ಲಿ ಹಿತ್ತಾಳೆ ಫಲಕದ ರಿವೆಟ್ಟುಗಳು ಹೊಸವು. ಸಂದೇಹ ಬಂದು, "ಚಾಸಿಸ್ ಕಬ್ಬಿಣದ ಮೇಲೆಯೇ ಕೊರೆದ ಸಂಖ್ಯೆ ಇರುತ್ತದಂತೆ, ಬಣ್ಣ ಕೆರೆದು ನೋಡು" ಎಂದೆ. ಸಂಖ್ಯೆ ಸಿಕ್ಕಿತು, ಫಲಕದ ಸಂಖ್ಯೆಗೆ ಸರಿಹೊಂದಿತು. ಫಲಕ ಹೊಸದು, ಕಾರು ನಿಜವಾದದ್ದೇ. ನೋಂದಣಿ ಪುಸ್ತಕದಲ್ಲಿ ಮೊದಲ ನೋಂದಣಿ 1949, ಮದರಾಸು ಪ್ರಾಂತ್ಯದಲ್ಲಿ. ಮೊದಲ ಒಡೆಯರು ನೀಲಗಿರಿಯ ಒಬ್ಬ ತೋಟದ ಮಾಲೀಕರು. 1962ರಲ್ಲಿ ಕಾರು ಮೈಸೂರು ರಾಜ್ಯಕ್ಕೆ ಬಂದಿದೆ. ಆಮೇಲಿನ ಒಡೆಯರು ಒಬ್ಬ ವೈದ್ಯರು, ಒಬ್ಬ ಕಂಟ್ರಾಕ್ಟರು. ಅರಮನೆಯ ಹೆಸರು ಎಲ್ಲಿಯೂ ಇಲ್ಲ. ಅರಮನೆಗೆ ಜಾಗ ಕೊಡಬಹುದಾದ ಖಾಲಿ ವರ್ಷಗಳೂ ಇಲ್ಲ.

ಹಾಗಾದರೆ ಉಮ್ಮತ್ತೂರಿನ ಕೆಂಪು ಕಾರಿನ ಮಾತು ಎಲ್ಲಿಂದ ಬಂತು? ಮಾರುವವರಿಗೆ ಹೇಗೆ ತಿಳಿಯಿತೆಂದು ಶಿಷ್ಯನನ್ನು ಕೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ: "ನಾನೇ ಹೇಳಿದ್ದು ಸಾರ್. ಕಾರಿನ ಬಣ್ಣ ನೋಡಿ ನೆನಪಾಯ್ತು. ಎಂಟನೇ ಕ್ಲಾಸಿನಲ್ಲಿ ನೀವೇ ಪಾಠ ಮಾಡುವಾಗ ಹೇಳಿದ್ದರಲ್ಲ."

ಹೌದು, ನಾನೇ ಹೇಳಿದ್ದೆ. ನನ್ನ ಅಜ್ಜಿ ಹೇಳುತ್ತಿದ್ದ ಮಾತು ಅದು. ಮಧ್ಯಾಹ್ನದ ತರಗತಿಯಲ್ಲಿ ಮಕ್ಕಳು ತೂಕಡಿಸಬಾರದೆಂದು ಕಥೆಗೆ ಕೈಕಾಲು ಕೂಡಿಸಿ, ಬಣ್ಣ ಬಳಿದು, ವರ್ಷ ವರ್ಷವೂ ಹೇಳಿದೆ. ಮೈಸೂರಿನಿಂದ ಬಂಡೀಪುರಕ್ಕೆ ದಾರಿ ನಂಜನಗೂಡು, ಬೇಗೂರು, ಗುಂಡ್ಲುಪೇಟೆಯ ಮೇಲೆ. ಉಮ್ಮತ್ತೂರು ಆ ದಾರಿಯಲ್ಲಿಲ್ಲ. ಪೂರ್ವಕ್ಕೆ ದೂರ ಉಳಿಯುತ್ತದೆ. ಗೋಡೆಯ ಮೇಲೆ ಭೂಪಟ ತೂಗುಹಾಕಿಕೊಂಡು ಪಾಠ ಮಾಡಿದವನಿಗೆ ಇಷ್ಟು ಹೊಳೆಯಲಿಲ್ಲ. ಈಗ ನಾನು ಕಾಗದ ಬರೆದುಕೊಟ್ಟಿದ್ದರೆ, ನನ್ನ ಕಥೆಗೆ ನಾನೇ ಸಾಕ್ಷಿ ಹೇಳಿದಂತಾಗುತ್ತಿತ್ತು. ನಾಳೆ ಯಾರಾದರೂ ಆ ಕಾಗದವನ್ನು ಆಧಾರವಾಗಿಟ್ಟು ಪುಸ್ತಕ ಬರೆದರೆ, ಸುಳ್ಳಿಗೆ ಅಚ್ಚಿನ ಪ್ರಾಮಾಣ್ಯವೂ ದೊರೆಯುತ್ತಿತ್ತು.

ಕೊನೆಗೆ ಒಂದು ಪುಟದ ಕಾಗದ ಬರೆದೆ. ಚಾಸಿಸ್ ಸಂಖ್ಯೆ, ನೋಂದಣಿಯ ವರ್ಷಗಳು, ಒಡೆಯರ ಅನುಕ್ರಮ. ಅರಮನೆಯ ಸಂಬಂಧಕ್ಕೆ ಆಧಾರವಿಲ್ಲವೆಂಬ ವಾಕ್ಯ. ಆ ಮಾತಿನ ಮೂಲ ನಾನೇ ಎಂಬ ವಾಕ್ಯ. ಮಾರುವವರಿಗೆ ಅದು ರುಚಿಸಲಿಲ್ಲ. ಎರಡು ತಿಂಗಳು ಮಾತು ಬಿಟ್ಟಿದ್ದು, ಆಮೇಲೆ ಬೆಲೆ ಇಳಿಸಿ ಕೊಟ್ಟರು. ಶಿಷ್ಯನು ಈಗ ಆ ತೋಟದ ಮಾಲೀಕರು ಕಾರನ್ನು ಪಂದ್ಯಕ್ಕೆ ಒಯ್ದಿದ್ದರೇ ಎಂದು ಹುಡುಕುತ್ತಿದ್ದಾನೆ. ಹಿಂದಿನ ಬೆಂಚಿನವನು ಇತಿಹಾಸದ ವಿದ್ಯಾರ್ಥಿಯಾದುದು ಹೀಗೆ.

ನನ್ನ ಬಾಯಿಂದ ಕೆಂಪು ಕಾರಿನ ಕಥೆ ಕೇಳಿದವರು ನಿಮ್ಮಲ್ಲಿ ನೂರಾರು ಮಂದಿ ಇರಬಹುದು. ದಯವಿಟ್ಟು ಅದನ್ನು ಅಜ್ಜಿಯ ಕಥೆಯೆಂದೇ ನಿಮ್ಮ ಮಕ್ಕಳಿಗೆ ಹೇಳಿರಿ, ಇತಿಹಾಸವೆಂದು ಹೇಳಬೇಡಿರಿ. ಹಾಗೆಯೇ ಮನೆಯ ಅಟ್ಟದಲ್ಲಿ ಹಳೆಯ ವಾಹನದ ನೋಂದಣಿ ಪುಸ್ತಕ, ರಸೀದಿ, ಕಾರಿನ ಮುಂದೆ ನಿಂತ ತಾತನ ಚಿತ್ರ ಸಿಕ್ಕರೆ ರದ್ದಿಗೆ ಹಾಕಬೇಡಿರಿ. ಹಿಂಬದಿಯಲ್ಲಿ ಹೆಸರು, ಊರು, ವರ್ಷ ಬರೆದಿಡಿರಿ. ಬರೆಯುವ ಮುನ್ನ, ಇದು ನಾನು ಕಂಡದ್ದೋ ಕೇಳಿದ್ದೋ ಎಂದು ಒಂದು ಕ್ಷಣ ಯೋಚಿಸಿರಿ.



ನಿಮ್ಮ ಮೇಷ್ಟ್ರು