ಎರಡು ತಿಂಗಳಿಗೆ ನಿಂತುಹೋಗುವ ಹೆಜ್ಜೆ

ಹುಟ್ಟಿದ ಕೆಲವೇ ದಿನಗಳ ಕೂಸನ್ನು ಕಂಕುಳಲ್ಲಿ ಕೈಕೊಟ್ಟು ನೆಟ್ಟಗೆ ಹಿಡಿದು, ಅಂಗಾಲು ನೆಲಕ್ಕೆ ತಾಗುವಂತೆ ಮಾಡಿದರೆ, ಅದು ಒಂದಾದ ಮೇಲೊಂದು ಕಾಲೆತ್ತಿ ಹೆಜ್ಜೆ ಹಾಕುತ್ತದೆ. ಕತ್ತು ಇನ್ನೂ ನಿಂತಿರುವುದಿಲ್ಲ. ಕಾಲುಗಳು ಮಾತ್ರ ನಡಿಗೆಯ ಲಯ ಹಿಡಿದಿರುತ್ತವೆ. ಸುಮಾರು ಎರಡು ತಿಂಗಳ ಹೊತ್ತಿಗೆ ಈ ಹೆಜ್ಜೆ ಕಾಣೆಯಾಗುತ್ತದೆ. ಮತ್ತೆ ಕಾಣಿಸುವುದು ಮೊದಲ ವರ್ಷದ ಕೊನೆಯ ತಿಂಗಳುಗಳಲ್ಲಿ, ದಟ್ಟಡಿ ಇಡುವ ಕಾಲಕ್ಕೆ. ನಡುವಿನ ತಿಂಗಳುಗಳಲ್ಲಿ ಅದಕ್ಕೇನಾಯಿತು? ಈ ಪ್ರಶ್ನೆಗೆ ದೊರೆತ ಉತ್ತರವನ್ನು ಒಪ್ಪಿದರೆ, ಶಿಶುವಿನ ದೇಹದ ಬೆಳವಣಿಗೆಯನ್ನೂ ಮನಸ್ಸಿನ ಬೆಳವಣಿಗೆಯನ್ನೂ ಬೇರೆಬೇರೆಯಾಗಿ ಬರೆದಿಡುವ ನಮ್ಮ ರೂಢಿ ಉಳಿಯಲಾರದು ಎಂಬುದು ನನ್ನ ವಾದ.

ಬಹುಕಾಲ ನಿಂತ ವಿವರಣೆ ಮಿದುಳಿನದು. ನ್ಯೂಯಾರ್ಕಿನಲ್ಲಿ ಶಿಶುಗಳ ಚಲನೆಯನ್ನು ವರ್ಷಗಟ್ಟಲೆ ದಾಖಲಿಸಿದ ಮರ್ಟಲ್ ಮೆಗ್ರಾ, 1943ರ ತಮ್ಮ ಗ್ರಂಥದಲ್ಲಿ ಇದನ್ನು ನರವ್ಯೂಹದ ಪಕ್ವತೆಗೆ ಜೋಡಿಸಿದರು. ಮಿದುಳಿನ ಹೊರಪದರ ಬಲಿಯುತ್ತ ಬಂದಂತೆ ಹುಟ್ಟಿನಿಂದ ಬಂದ ಪರಾವರ್ತಿತ ಕ್ರಿಯೆಯನ್ನು ಅದು ಅದುಮುತ್ತದೆ, ಮುಂದೆ ಇಚ್ಛೆಯಿಂದ ನಡೆಯುವ ಶಕ್ತಿ ಅದೇ ಹೊರಪದರದಿಂದ ಬರುತ್ತದೆ ಎಂಬ ತಿಳಿವಳಿಕೆ ಅದು. 1972ರಲ್ಲಿ ಫಿಲಿಪ್ ಝೆಲಾಝೊ ಮತ್ತು ಸಂಗಡಿಗರ ಪ್ರಯೋಗ ಇದಕ್ಕೆ ಮೊದಲ ಪೆಟ್ಟು ಕೊಟ್ಟಿತು. ಎರಡನೆಯ ವಾರದಿಂದ ಎಂಟನೆಯ ವಾರದವರೆಗೆ ದಿನಕ್ಕೆ 12 ನಿಮಿಷ ಹೆಜ್ಜೆ ಹಾಕಿಸಿದ ಕೂಸುಗಳಲ್ಲಿ ಆ ಚಲನೆ ಅಳಿಯಲಿಲ್ಲ, ಬದಲಿಗೆ ಹೆಚ್ಚಿತು. ಗುಂಪು ಚಿಕ್ಕದಾಗಿದ್ದರಿಂದ ಇದನ್ನು ಎಚ್ಚರದಿಂದಲೇ ಓದಬೇಕು. ಆದರೂ ಮಿದುಳು ತಾನಾಗಿ ಅದುಮಿಬಿಡುವ ಕ್ರಿಯೆಯಾಗಿದ್ದರೆ ಅಭ್ಯಾಸದಿಂದ ಅದು ಉಳಿಯಬೇಕಿರಲಿಲ್ಲ.

ನಿರ್ಣಾಯಕವಾದದ್ದು ಎಸ್ತರ್ ಥೆಲೆನ್ ಅವರ ಕೆಲಸ. ಅಂಗಾತ ಮಲಗಿದ ಕೂಸು ಕಾಲು ಬಡಿಯುವ ರೀತಿಯನ್ನು ಅವರು ಅಳೆದು ನೋಡಿದಾಗ, ಸೊಂಟ, ಮಂಡಿ, ಹರಡುಗಳು ಮಡಚಿ ಬಿಚ್ಚುವ ಕ್ರಮ ಹೆಜ್ಜೆ ಹಾಕುವಾಗಿನ ಕ್ರಮವನ್ನೇ ಹೋಲುತ್ತಿತ್ತು. ಹೆಜ್ಜೆ ನಿಂತ ಮೇಲೂ ಈ ಬಡಿತ ನಿಲ್ಲುವುದಿಲ್ಲ. ನಿಂತಾಗ ಅದುಮುವ ಮಿದುಳು ಮಲಗಿದಾಗ ಏಕೆ ಅದುಮುವುದಿಲ್ಲ? ಥೆಲೆನ್ ಅವರ ಗಮನ ಕೂಸಿನ ತೊಡೆಗಳತ್ತ ಹೊರಳಿತು. ಮೊದಲ ಎರಡು ತಿಂಗಳಲ್ಲಿ ಮಗು ಮೈತುಂಬಿಕೊಳ್ಳುತ್ತದೆ. ಹಾಗೆ ಕೂಡುವ ತೂಕದಲ್ಲಿ ಕೊಬ್ಬಿನ ಪಾಲು ದೊಡ್ಡದು. ಸ್ನಾಯುಬಲ ಅಷ್ಟು ಬೇಗ ಕೂಡುವುದಿಲ್ಲ. ಮಲಗಿದಾಗ ಎತ್ತಬಹುದಾದ ಕಾಲನ್ನು ನಿಂತಾಗ ಎತ್ತಲಾಗದು. 1984ರಲ್ಲಿ ಡೊನ್ನಾ ಫಿಶರ್ ಮತ್ತು ರಾಬಿನ್ ರಿಡ್ಲಿ-ಜಾನ್ಸನ್ ಜೊತೆ ಪ್ರಕಟಿಸಿದ ಅಧ್ಯಯನದಲ್ಲಿ ಅವರು ಇದನ್ನು ಎರಡು ಬಗೆಯಲ್ಲಿ ಪರೀಕ್ಷಿಸಿದರು. ಇನ್ನೂ ಹೆಜ್ಜೆ ಹಾಕುತ್ತಿದ್ದ ಕೂಸುಗಳ ಕಾಲಿಗೆ, ಮುಂದಿನ ದಿನಗಳಲ್ಲಿ ಸಹಜವಾಗಿ ಕೂಡಲಿದ್ದ ತೂಕದಷ್ಟು ಭಾರ ಕಟ್ಟಿದರು, ಹೆಜ್ಜೆಗಳು ಕಡಿಮೆಯಾದವು. ಇನ್ನೊಂದು ಪರೀಕ್ಷೆಯಲ್ಲಿ ಕೂಸುಗಳ ಕಾಲುಗಳನ್ನು ಬೆಚ್ಚನೆಯ ನೀರಿನಲ್ಲಿ ಇಳಿಬಿಟ್ಟರು, ಹೆಜ್ಜೆಗಳು ಹೆಚ್ಚಿದವು. ಕೆಲವು ನಿಮಿಷ ನೀರಿನಲ್ಲಿ ಇಳಿಬಿಟ್ಟರೆ ಮಿದುಳಿನ ಹೊರಪದರ ಬದಲಾಗುವುದಿಲ್ಲ. ಬದಲಾದದ್ದು ಎತ್ತಬೇಕಾದ ಭಾರ ಮಾತ್ರ. ಶಿಶುವಿಜ್ಞಾನದಲ್ಲಿ ಇಷ್ಟು ಸರಳವಾದ, ಇಷ್ಟು ದೂರ ಕೊಂಡೊಯ್ಯುವ ಪ್ರಯೋಗ ನನಗೆ ಬೇರೆ ಕಂಡಿಲ್ಲ. ಮಿದುಳಿಗೆ ಪಾತ್ರವೇ ಇಲ್ಲವೆಂದು ಇದರ ಅರ್ಥವಲ್ಲ. ತೂಕ, ಬಲ, ನಿಲುವು, ನೆಲ, ನರವ್ಯೂಹ ಎಲ್ಲವೂ ಕೂಡಿದಾಗಲೇ ಒಂದು ಹೆಜ್ಜೆ ಹುಟ್ಟುತ್ತದೆ.

ಸಾಕುವ ರೀತಿಯೂ ಇದರೊಳಗೆ ಸೇರುತ್ತದೆ. ಕೀನ್ಯಾದ ಕಿಪ್ಸಿಗಿಸ್ ಜನರಲ್ಲಿ ಚಾರ್ಲ್ಸ್ ಸೂಪರ್ ನಡೆಸಿದ, 1976ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಅಲ್ಲಿ ಕೂಸಿಗೆ ಕೂರುವುದನ್ನೂ ನಡೆಯುವುದನ್ನೂ ಬೇಕೆಂದೇ ಕಲಿಸುತ್ತಾರೆ. ಅವೆರಡೂ ಬೇಗ ಬರುತ್ತವೆ. ಕಲಿಸದೆ ಬಿಟ್ಟ ಕೌಶಲಗಳಲ್ಲಿ ಆ ಮುನ್ನಡೆ ಇಲ್ಲ. ನಮ್ಮಲ್ಲಿ ಅಜ್ಜಿಯರು ಕೂಸನ್ನು ನೀಡಿದ ಕಾಲುಗಳ ಮೇಲೆ ಮಲಗಿಸಿಕೊಂಡು, ಎಣ್ಣೆ ಹಚ್ಚಿ ಕೈಕಾಲು ನೀವಿ ನೀರೆರೆಯುವ ಪದ್ಧತಿಯನ್ನೂ ಈ ದೃಷ್ಟಿಯಿಂದ ಅಳೆದು ನೋಡುವುದು ಯೋಗ್ಯ.

ಹೀಗಿರುವಾಗ ‘ಇಷ್ಟನೇ ತಿಂಗಳಿಗೆ ಇದು ಬರಬೇಕು’ ಎಂಬ ಒಂದೇ ಗೆರೆ ಎಳೆಯುವುದು ತಪ್ಪಾಗುತ್ತದೆ. ಭಾರತ, ಘಾನಾ, ನಾರ್ವೆ, ಒಮಾನ್, ಅಮೆರಿಕ ಈ ಐದು ದೇಶಗಳ ಆರೋಗ್ಯವಂತ ಮಕ್ಕಳನ್ನು ಆಧರಿಸಿ ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಪ್ರಕಟಿಸಿದ ಅಳತೆಗಳಲ್ಲಿ, ಆಸರೆಯಿಲ್ಲದೆ ಕೂರುವ ವಯಸ್ಸು 3.8ರಿಂದ 9.2 ತಿಂಗಳವರೆಗೆ, ತಾನೇ ನಡೆಯುವ ವಯಸ್ಸು 8.2ರಿಂದ 17.6 ತಿಂಗಳವರೆಗೆ ಹರಡಿದೆ. ಶೇಕಡ 4ಕ್ಕಿಂತ ಸ್ವಲ್ಪ ಹೆಚ್ಚು ಮಕ್ಕಳು ಅಂಬೆಗಾಲೇ ಇಡಲಿಲ್ಲ. ಪಕ್ಕದ ಮನೆಯ ಮಗುವಿಗೆ ಹೋಲಿಸಿ ತಾಯಿಯನ್ನು ನೋಯಿಸುವವರ ಮುಂದೆ ಈ ಅಂಕಿಗಳನ್ನು ಇಡಬೇಕು. ಈ ಮಿತಿ ದಾಟಿದರೆ, ಅಥವಾ ಬಂದ ಕೌಶಲ ಹೋದರೆ, ಮಕ್ಕಳ ವೈದ್ಯರಿಗೆ ತೋರಿಸುವುದರಲ್ಲಿ ತಡಮಾಡಬಾರದು.

ಇನ್ನು ಮನಸ್ಸಿನ ಮಾತು. ಕ್ಯಾರೆನ್ ಅಡಾಲ್ಫ್ 1997ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶಿಶುಗಳನ್ನು ಇಳಿಜಾರು ಹಲಗೆಯ ತುದಿಯಲ್ಲಿ ಬಿಟ್ಟು ನೋಡಿದರು. ಕೆಲವು ವಾರ ಅಂಬೆಗಾಲಿಟ್ಟ ಕೂಸು ಕಡಿದಾದ ಇಳಿಜಾರನ್ನು ಗುರುತಿಸಿ ಹಿಂದೆ ಸರಿಯಲು ಕಲಿಯುತ್ತದೆ. ಅದೇ ಕೂಸು ನಡೆಯಲು ಶುರುಮಾಡಿದ ಹೊಸತರಲ್ಲಿ ಅದೇ ಇಳಿಜಾರಿಗೆ ಹಿಂಜರಿಯದೆ ಹೆಜ್ಜೆಯಿಡುತ್ತದೆ. ಅಪಾಯದ ಅರಿವು ತಲೆಯಲ್ಲಿ ಒಮ್ಮೆ ಕೂತು ಎಲ್ಲಕ್ಕೂ ಒದಗುವುದಿಲ್ಲ. ಹೊಸ ನಿಲುವಿನಲ್ಲಿ ಅದನ್ನು ಮತ್ತೆ ಗಳಿಸಬೇಕು. ಅಂಬೆಗಾಲಿನಲ್ಲಿ ಮೆಟ್ಟಿಲ ತುದಿಗೆ ಬಂದು ತಾನಾಗಿ ನಿಲ್ಲುತ್ತಿದ್ದ ಮಗು, ದಟ್ಟಡಿ ಇಡಲು ತೊಡಗಿದ ವಾರಗಳಲ್ಲಿ ಅಲ್ಲೇ ನಿಲ್ಲುತ್ತದೆಂದು ನಂಬಬಾರದು. ಮೆಟ್ಟಿಲಿಗೆ ಅಡ್ಡ ಕಟ್ಟಬೇಕಾದ ಕಾಲ ಅದು.