ಹೊಸ ಚೆಂಡು ಹಳತಾದ ಮೇಲೆ ಬಂದವರು

ಹೋದ ಭಾನುವಾರ ಅವೆನ್ಯೂ ರೋಡಿಗೆ ಹೋಗಿದ್ದೆ. ಮಗಳಿಗೆ ಪಿಯುಸಿ ಗೈಡ್ ತರೋದು ನೆಪ, ಹಳೇ ಪುಸ್ತಕದ ರಾಶಿ ಕೆದಕೋದು ನಿಜವಾದ ಕೆಲಸ :-) ಫುಟ್‌ಪಾತಿನಲ್ಲಿ ಅಮೆರಿಕದ ಬೇಸ್‌ಬಾಲ್ ಪುಸ್ತಕವೊಂದು ಸಿಕ್ಕಿತು. ಒಂದು ಪುಟದ ತುಂಬಾ 1990ರ ಸೀಸನ್ನಿನ ರಿಲೀಫ್ ಪಿಚರ್‌ಗಳ ಪಟ್ಟಿ. ಮೇಲಿನ ಹೆಸರು ಬಾಬಿ ಥಿಗ್‌ಪೆನ್, 57 'ಸೇವ್'.

ರಿಲೀಫ್ ಪಿಚರ್ ಅಂದರೆ ಮೊದಲು ಚೆಂಡೆಸೆದವನು ದಣಿದ ಮೇಲೆ ಬರುವವನು. ತಂಡದ ಅಲ್ಪ ಮುನ್ನಡೆಯನ್ನು ಕೈಬಿಡದೆ ಪಂದ್ಯ ಮುಗಿಸಿದರೆ ಅವನ ಲೆಕ್ಕಕ್ಕೆ ಒಂದು ಸೇವ್. ಶಿಕಾಗೋದ ಪತ್ರಕರ್ತ ಜೆರೋಮ್ ಹೋಲ್ಟ್ಜ್‌ಮನ್ ಹಾಕಿದ ಈ ಲೆಕ್ಕ 1969ರಲ್ಲಿ ಅಧಿಕೃತವಾಯಿತು. ಅಲ್ಲಿಯವರೆಗೆ ಕೊನೆಗೆ ಬಂದು ಪಂದ್ಯ ಉಳಿಸಿದವನಿಗೆ ಒಂದು ಕಾಲಮ್ಮೂ ಇರಲಿಲ್ಲ.

ನನಗೆ ಥಟ್ಟನೆ ನೆನಪಾದವರು ನಮ್ಮ ಸ್ಪಿನ್ನರ್‌ಗಳು. ಅವರೂ ಎರಡನೇ ಪಾಳಿಯವರೇ ತಾನೆ? ಹೊಸ ಚೆಂಡಿನ ಹೊಳಪು ಹೋದ ಮೇಲೆ ಬರುವವರು. ಆದರೆ ಬೇಸ್‌ಬಾಲಿನವನು ಕೊನೆಯಲ್ಲಿ ಸ್ವಲ್ಪ ಹೊತ್ತು ದುಡಿದರೆ ಸಾಕು. ನಮ್ಮವರು ದಿನವಿಡೀ ದುಡಿಯಬೇಕು. ರಣಜಿಯ ಒಂದೇ ಸೀಸನ್ನಿನ ವಿಕೆಟ್ ದಾಖಲೆ ನೋಡಿ: 1974-75ರಲ್ಲಿ ದೆಹಲಿಯ ಬೇಡಿ 64, 2018-19ರಲ್ಲಿ ಬಿಹಾರದ ಅಶುತೋಷ್ ಅಮನ್ 68, 2024-25ರಲ್ಲಿ ವಿದರ್ಭದ ಹರ್ಷ ದುಬೆ 69. ಮೂವರೂ ಎಡಗೈ ಸ್ಪಿನ್ನರ್‌ಗಳು!

ಚಾಮರಾಜಪೇಟೆಯ ನಮ್ಮ ಚಿಕ್ಕಪ್ಪನಿಗೆ ಈ ಅಂಕಿಗಳೆಲ್ಲ ಬೇಕಿರಲಿಲ್ಲ. "ಪ್ರಸನ್ನ ಗಾವಸ್ಕರ್‌ನ ಬೌಲ್ಡ್ ಮಾಡಿದ್ದನ್ನ ನಾನು ಕಣ್ಣಾರೆ ನೋಡಿದೀನಿ ಕಣೋ" ಅನ್ನೋರು. ಅಷ್ಟೇ, ಅದು ಅವರ ಆಸ್ತಿ. 1974ರ ಮಾರ್ಚ್, ಬೆಂಗಳೂರಿನ ಸೆಮಿಫೈನಲ್. ಮೈಸೂರು ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಾಗಿ ನಾಲ್ಕೈದು ತಿಂಗಳಾಗಿತ್ತು. ಎದುರಿಗೆ 1958-59ರಿಂದ ಸತತ 15 ಸಲ ಗೆದ್ದಿದ್ದ ಬಾಂಬೆ. ವಿಶ್ವನಾಥ್ 162, ಬ್ರಿಜೇಶ್ ಪಟೇಲ್ 106, ನಮ್ಮ ಒಟ್ಟು 385. ಇದನ್ನು ಕಾಯಬೇಕಿತ್ತು. ಪ್ರಸನ್ನ, ಚಂದ್ರಶೇಖರ್ ಕಾದರು. ವಾಡೇಕರ್ ಕಾಲು ಜಾರಿ ರನೌಟಾದರು, ಬಾಂಬೆ 307ಕ್ಕೆ ಮುಗಿಯಿತು. ಮೊದಲ ಇನಿಂಗ್ಸ್ ಮುನ್ನಡೆಯಲ್ಲೇ ನಾವು ಫೈನಲ್ಲಿಗೆ. ಜೈಪುರದಲ್ಲಿ ರಾಜಸ್ಥಾನವನ್ನು ಸೋಲಿಸಿ ಮೊದಲ ರಣಜಿ ಕಪ್ ತಂದೆವು. ಅದು 'ಸೇವ್' ಅಲ್ಲದೆ ಮತ್ತೇನು?

ಇನ್ನೊಬ್ಬರನ್ನು ಮರೆಯಬಾರದು. 1981-82ರ ಸೆಮಿಫೈನಲ್, ಮತ್ತೆ ಬೆಂಗಳೂರು, ಮತ್ತೆ ಬಾಂಬೆ. ರಘುರಾಮ ಭಟ್ 123 ರನ್ನಿಗೆ 8 ವಿಕೆಟ್, ಅದರಲ್ಲೊಂದು ಹ್ಯಾಟ್ರಿಕ್. ಎರಡನೇ ಇನಿಂಗ್ಸಿನಲ್ಲಿ ಚೆಂಡು ಹೇಗೆ ತಿರುಗುತ್ತಿತ್ತು ಅಂದರೆ, ಗಾವಸ್ಕರ್ ಭಟ್ಟರನ್ನು ಎದುರಿಸಲು ಎಡಗೈ ಬ್ಯಾಟ್ಸ್‌ಮನ್ ಆಗಿ ನಿಂತರು! ಜಗತ್ತಿನ ಅತ್ಯುತ್ತಮ ಆರಂಭಿಕ ಆಟಗಾರ ತನ್ನ ಕೈಯನ್ನೇ ಬದಲಿಸಿಕೊಳ್ಳಬೇಕಾಯಿತು. ಇದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಯಾವ ಬೌಲರಿಗೆ ಸಿಕ್ಕಿದೆ? ಆದರೂ ಭಟ್ಟರಿಗೆ ಸಿಕ್ಕಿದ್ದು ಎರಡೇ ಟೆಸ್ಟ್, ಎರಡೂ 1983ರಲ್ಲಿ. ಟೆಸ್ಟ್ ಅಂಕಿಗಳನ್ನಷ್ಟೇ ನೋಡುವ ಹುಡುಗರಿಗೆ ಅವರ ಹೆಸರೇ ಕಾಣಿಸುವುದಿಲ್ಲ.

ನನ್ನ ಸಂಕಟ ಇಷ್ಟೇ. ಅಮೆರಿಕದವರು ಒಂದು ಕಾಲಮ್ ಹಾಕಿ ಅಂಥವರನ್ನು ಉಳಿಸಿಕೊಂಡರು. ನಾವು ಚಿಕ್ಕಪ್ಪಂದಿರ ಬಾಯಲ್ಲಿ ಉಳಿಸಿಕೊಂಡೆವು. ನಮ್ಮ ಚಿಕ್ಕಪ್ಪ ಈಗಿಲ್ಲ. ಹಾಗಾಗಿ ನೆನಪಿರುವಷ್ಟನ್ನು ಇಲ್ಲಿ ಬರೆದಿಟ್ಟೆ. ಆ ಎರಡರಲ್ಲಿ ಯಾವ ಪಂದ್ಯವನ್ನಾದರೂ ಸ್ಟ್ಯಾಂಡಿನಲ್ಲಿ ಕೂತು ನೋಡಿದವರು ನಿಮ್ಮ ಮನೆಯಲ್ಲಿದ್ದರೆ, ಕೇಳಿ ಬರೆದಿಡಿ ಮಾರಾಯ್ರೆ.

ಪುಸ್ತಕ ಕೊಂಡೆ. ಗೈಡ್ ಮರೆತೆ. ಮನೆಯಲ್ಲಿ ಏನಾಯಿತು ಅಂತ ಕೇಳಬೇಡಿ :-)